ಹಸಿ ಮರದ ಡಬ್ಬಿ

"ಇದನ್ನ ಮುಚ್ಚಳ ಅಂತಾರೇನ್ರೀ? ಟೋಪಿ ಅಂತಾರೆ!"

ಹಿಡಿಯಲ್ಲಿ ಅಡಗುವಷ್ಟು ಪುಟ್ಟ ಮರದ ಡಬ್ಬಿಯನ್ನು ಅವಳು ಹೊಸಬನ ಮೂಗಿನ ಕೆಳಗೆ ಹಿಡಿದಳು. ಮುಚ್ಚಳ ಬಾಯಿಯೊಳಗೆ ಕೂರದೆ ಮೇಲೇ ನಿಂತಿತ್ತು. ಅವನು ಕೆಲಸಕ್ಕೆ ಸೇರಿದ ಮೊದಲ ದಿನ ಅದು. ಇನ್ನೂ ಮಧ್ಯಾಹ್ನವೂ ಆಗಿರಲಿಲ್ಲ.

"ಸ್ವಲ್ಪ ತಾಳಿ," ಎಂದ ಅವನು.

"ತಾಳೋದೇನು? ಕೂತಿಲ್ಲ ಅಂದ್ರೆ ಕೂತಿಲ್ಲ."

"ಒಳಗಿನ ಗಾಳಿ ಆಚೆ ಬರಬೇಕಲ್ಲ. ಅಷ್ಟರಲ್ಲಿ ನೀವೂ ಒಂದು ಉಸಿರು ಬಿಡಿ."

ಬೈಯಲು ಅವಳು ಬಾಯಿ ತೆರೆದಳು. ಆಗಲೇ ಮುಚ್ಚಳ ತಾನಾಗಿ ಇಳಿಯತೊಡಗಿತು. ದಣಿದವರು ಕುರ್ಚಿಗೆ ಒರಗುವ ಹಾಗೆ, ಮೆಲ್ಲಗೆ, ಸದ್ದಿಲ್ಲದೆ ಇಳಿದು ಕೂತಿತು. ಅವಳು ತೆಗೆದು ಮತ್ತೆ ಇಟ್ಟಳು. ಮತ್ತೆ ಹಾಗೇ ಇಳಿಯಿತು. ಇಷ್ಟು ವರ್ಷಗಳಲ್ಲಿ ಅವಳ ಡಬ್ಬಿಗೆ ಯಾರೂ ಇಂಥ ಮುಚ್ಚಳ ಮಾಡಿರಲಿಲ್ಲ.

"ಬೆಂಕಿಗೆ ನೀರು ಬಿತ್ತಪ್ಪೋ!" ಎಂದು ಹಿಂದಿನಿಂದ ಮಾವ ನಕ್ಕ.

ಬೆಂಕಿ ಎಂದರೆ ಅವಳೇ. ಹೆತ್ತವರು ಇಟ್ಟ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಮಾವ ಅವಳ ತಾಯಿಯ ತಮ್ಮ, ಆ ಸಣ್ಣ ಕಾರ್ಖಾನೆಯ ಯಜಮಾನ. ತಾಯಿ ಹೋದ ಮೇಲೆ ಅವಳಿಗೆ ತನ್ನವರು ಅಂತ ಇದ್ದದ್ದು ಮಾವ ಮತ್ತು ಮರ ತಿರುಗಿಸುವ ಲೇತ್, ಅಷ್ಟೇ. ನಲವತ್ತು ದಾಟಿದ ಮೇಲೆ ಮದುವೆ ಮಾತು ಎತ್ತುವವರೂ ಸುಮ್ಮನಾಗಿದ್ದರು. ವಯಸ್ಸಾಯಿತು ಅಂತ ಬಿಟ್ಟರೋ, ಅವಳ ಬಾಯಿಗೆ ಹೆದರಿ ಬಿಟ್ಟರೋ, ಬಿಟ್ಟವರಿಗೇ ಗೊತ್ತು.

ಡಬ್ಬಿಯ ಹೊಟ್ಟೆ ತೋಡುವುದು ಅವಳ ಕೆಲಸ. ತಿರುಗುವ ಮರದ ಬಾಯಿಗೆ ಉಳಿ ಇಟ್ಟು ಒಳಗೊಳಗೇ ಕೊರೆಯಬೇಕು. ತಳ ಕಣ್ಣಿಗೆ ಕಾಣುವುದಿಲ್ಲ. ಗೋಡೆ ತೆಳುವಾದಂತೆ ಉಳಿಯ ಸದ್ದು ಬದಲಾಗುತ್ತದೆ. ದಪ್ಪಗಿದ್ದ ದನಿ ಸಣ್ಣಗಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಕಿವಿ ಹೇಳಬೇಕು. ಒಂದು ಕೂದಲೆಳೆ ಹೆಚ್ಚಾದರೆ ತಳ ತೂತಾಗಿ ಡಬ್ಬಿ ಹೋಗಿ ಬಳೆಯಾಗುತ್ತದೆ.

ಕೆಲವು ವಾರ ಕಳೆದ ಮೇಲೆ ಅವಳು ಒಂದು ವಿಷಯ ಗಮನಿಸಿದಳು. ಅವಳು ತೋಡಲು ಕೂತಾಗಲೆಲ್ಲ ಬೆನ್ನ ಹಿಂದಿನ ಲೇತ್ ನಿಂತುಹೋಗುತ್ತಿತ್ತು.

"ಏನ್ರೀ ಮುಚ್ಚಳದವರೇ, ನಾನು ಉಳಿ ಹಿಡಿದ ತಕ್ಷಣ ನಿಮ್ಮ ಲೇತಿಗೆ ನಿದ್ದೆ ಬರುತ್ತಾ?"

"ನಿಮ್ಮ ಕಿವಿಗೆ ಜಾಗ ಬೇಕಲ್ಲ," ಎಂದ ಅವನು, ತಲೆ ಎತ್ತದೆ.

ಅವಳು ತಿರುಗಿ ಉಳಿಯನ್ನು ಮರಕ್ಕಿಟ್ಟಳು. ಎದೆಯೊಳಗೆ ಏನೋ ಒಂದು ಥರ ಆಯಿತು. ಬೆಳಿಗ್ಗೆ ತಿಂದದ್ದು ಜೀರ್ಣವಾಗಿಲ್ಲ ಅಂದುಕೊಂಡಳು.

ಆಮೇಲೆ ದಿನವೂ ಅಜೀರ್ಣವೇ. ಅವಳು ತೋಡಿದ ಡಬ್ಬಿಯನ್ನು ಅವನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕುತ್ತಿದ್ದ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಡಬ್ಬಿಯ ಬಾಯಿಗೆ ತಾಗಿಸಿ, ಬಹಳ ಹೊತ್ತು.

"ಒಳಗೆ ಸಿನಿಮಾ ಓಡ್ತಿದೆಯಾ?"

"ಚೆನ್ನಾಗಿದೆ."

"ಏನು ಚೆನ್ನಾಗಿದೆ? ಖಾಲಿ ಇದೆ."

"ಖಾಲಿ ಮಾಡಿರೋ ರೀತಿ ಚೆನ್ನಾಗಿದೆ." ಮುಚ್ಚಿದ ಕಣ್ಣು ತೆರೆದು ಅವನು ಅವಳತ್ತ ನೋಡಿದ. ಅವಳು ಸರಕ್ಕನೆ ಲೇತಿನ ಕಡೆ ತಿರುಗಿ, ಚೂಪಾಗಿಯೇ ಇದ್ದ ಉಳಿಯನ್ನು ಮತ್ತೆ ಮಸೆದಳು.

ಸಂಜೆ ಕೋಣೆಗೆ ಹೋದರೆ ಅಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಚಾಪೆ. ಮೊದಲು ಅವು ಸಾಕಾಗುತ್ತಿದ್ದವು. ಈಗ ಅದೇ ಕೋಣೆ ಅವಳಿಗೆ ಬೇಕಾದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಹಗಲಲ್ಲಿ ಅವನ ಜೊತೆ ಆಡಿದ ಜಗಳಗಳನ್ನು ಮತ್ತೆ ಆಡುತ್ತಿದ್ದಳು, ಎರಡೂ ಕಡೆಯ ಮಾತು ತಾನೇ ಹೇಳಿಕೊಂಡು.

ಹೀಗಿರುವಾಗ ಒಂದು ಮಧ್ಯಾಹ್ನ ಮಾವ ಬಂದು ಹೇಳಿದ: "ನಾಳೆ ಮುಚ್ಚಳದವನು ಊರಿಗೆ ಹೊರಟ. ಅವನ ಅಕ್ಕ ಬಿದ್ದು ಸೊಂಟ ಮುರಿದುಕೊಂಡಿದ್ದಾಳಂತೆ. ಅವನನ್ನ ಸಾಕಿ ಬೆಳೆಸಿದವಳು. ಬೇರೆ ಯಾರೂ ಇಲ್ಲ."

"ಯಾವಾಗ ವಾಪಸ್?"

"ವಾಪಸ್ಸೆಲ್ಲಿ ಬಂತು? ಅಲ್ಲೇ ಏನಾದ್ರೂ ಕೆಲಸ ನೋಡ್ಕೋತಾನಂತೆ." ಮಾವ ಅವಳ ಮುಖವನ್ನೇ ನೋಡಿದ. "ಏನಾದ್ರೂ ಹೇಳೋದಿದ್ರೆ ಹೇಳಿಬಿಡು ಮಾರಾಯ್ತಿ. ಊರಿಗೆಲ್ಲ ಹೇಳ್ತೀಯ, ಒಬ್ಬನಿಗೆ ಹೇಳೋಕಾಗಲ್ವಾ?"

"ನನಗೇನಿದೆ ಹೇಳೋಕೆ? ಹೋಗೋರು ಹೋಗ್ತಾರೆ!"

ಹಾಗೆ ಕೂಗಿದವಳು ಮರು ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಕಾರ್ಖಾನೆಗೆ ಬಂದಳು. ಅವನಿಗೆ ಒಂದು ಡಬ್ಬಿ ಮಾಡಿ ಕೊಡಬೇಕು. ಮಾತು ತನ್ನ ಕೈಲಾಗುವುದಿಲ್ಲ, ಕೆಲಸ ಆಗುತ್ತದೆ. ಗೋಡೆ ಪಕ್ಕದ ರಾಶಿಯಿಂದ ಒಂದು ತುಂಡು ಎಳೆದಳು, ಲೇತಿಗೆ ಕಚ್ಚಿಸಿದಳು, ತೋಡಿದಳು. ಉಳಿಯಿಂದ ಎದ್ದ ಹೆರೆ ಉದ್ದುದ್ದ ಸುರುಳಿಯಾಗಿ ಹಾರಿ ಕೂದಲಿಗೆ, ಭುಜಕ್ಕೆ ಬಿತ್ತು. ಇವತ್ತು ಉಳಿ ಚೆನ್ನಾಗಿ ಮಾತು ಕೇಳುತ್ತಿದೆ ಅಂದುಕೊಂಡಳು. ಡಬ್ಬಿಯ ಗೋಡೆಯನ್ನು ಹಿಂದೆಂದೂ ಮಾಡದಷ್ಟು ತೆಳ್ಳಗೆ ಮಾಡಿದಳು.

ಅವನು ಬಂದಾಗ ಹೆಗಲಲ್ಲಿ ಬ್ಯಾಗಿತ್ತು. ತನ್ನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದ.

"ತಗೊಳ್ಳಿ," ಎಂದು ಅವಳು ಡಬ್ಬಿ ಚಾಚಿದಳು. "ಮುಚ್ಚಳ ನೀವೇ ಮಾಡ್ಕೊಳ್ಳಿ."

ಅವನು ಡಬ್ಬಿಯನ್ನು ಅಂಗೈಯಲ್ಲಿ ತೂಗಿದ. ಮುಖದಲ್ಲಿದ್ದ ನಗು ನಿಂತಿತು. ಡಬ್ಬಿಯನ್ನು ಕೆನ್ನೆಗೆ ಒತ್ತಿ ಹಿಡಿದ. ಆಮೇಲೆ ಮೂಸಿದ.

"ಇದು ಹಸಿ ಮರ."

"ಏನಂದ್ರಿ?"

"ತಣ್ಣಗಿದೆ. ನೀವೇ ನೋಡಿ."

ಅವಳು ಕಿತ್ತುಕೊಂಡು ಕೆನ್ನೆಗಿಟ್ಟಳು. ತಣ್ಣಗಿತ್ತು. ಗೋಡೆಯ ಕಡೆ ನೋಡಿದಳು. ಮಾವ ನಿನ್ನೆ ತರಿಸಿದ ಹೊಸ ಮರ, ಒಣಗಿದ ರಾಶಿಯ ಪಕ್ಕದಲ್ಲೇ. ಹಸಿ ಮರವನ್ನು ಇಷ್ಟು ತೆಳ್ಳಗೆ ತೋಡಿದರೆ ಒಣಗುತ್ತ ಒಣಗುತ್ತ ಬಾಯಿ ಸೊಟ್ಟಗಾಗುತ್ತದೆ. ಮೊದಲ ವಾರ ಕಲಿಯುವವರು ಮಾಡುವ ತಪ್ಪು. ಆ ತಪ್ಪಿಗಾಗಿ ಅವಳು ಎಷ್ಟು ಜನರನ್ನು ಅಳಿಸಿದ್ದಳೋ!

ಅವಮಾನದಿಂದ ಅವಳ ಕಿವಿ ಕೆಂಪಾಯಿತು. "ಇದನ್ನ ಯಾರಿಗೂ ಕೊಡೋಕಾಗಲ್ಲ. ಒಲೆಗೆ ಹಾಕ್ತೀನಿ."

ಅವಳು ಎತ್ತಿದ ಕೈಯನ್ನು ಅವನು ಹಿಡಿದ. ಮೊದಲ ಸಲ.

"ಮರ ಮುಟ್ಟದೇನೇ ಹಸಿ ಯಾವುದು, ಒಣಗಿದ್ದು ಯಾವುದು ಅಂತ ಹೇಳೋರು ನೀವು. ಹೆರೆ ಪುಡಿಯಾಗದೆ ಸುರುಳಿಯಾಗಿ ಬಂದರೂ ಗೊತ್ತಾಗಲಿಲ್ವಾ?"

"ಗೊತ್ತಾಗಲಿಲ್ಲ."

"ಮನಸ್ಸೆಲ್ಲಿತ್ತು?"

ಅವಳು ನೆಲ ನೋಡಿದಳು. ಆಮೇಲೆ ಸಿಟ್ಟಿನಿಂದಲೇ ಹೇಳಿದಳು: "ಎಲ್ಲಿತ್ತು ಅಂತ ಕೇಳ್ತೀರಲ್ಲ, ನಾಚಿಕೆಯಾಗಲ್ವಾ ನಿಮಗೆ? ಬ್ಯಾಗ್ ಹೊತ್ಕೊಂಡು ನಿಂತಿದ್ದೀರಿ!"

ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಡಬ್ಬಿಯನ್ನು ತೆಗೆದುಕೊಂಡ.

"ಇದರದ್ದೇ ಹೆರೆ ಕೊಡಿ. ಅದರಲ್ಲಿ ಹೂತಿಟ್ಟರೆ ನಿಧಾನವಾಗಿ ಒಣಗುತ್ತೆ, ಸೀಳಲ್ಲ."

"ಸೀಳದಿದ್ರೂ ಸೊಟ್ಟಗಾಗುತ್ತಲ್ಲ. ಲೇತಲ್ಲಿ ಸೊಟ್ಟ ಬಾಯಿಗೆ ಮುಚ್ಚಳ ಆಗುತ್ತಾ?"

"ಲೇತಲ್ಲಿ ಆಗಲ್ಲ. ಕೈಯಲ್ಲಿ ಕೆತ್ತಬೇಕು. ಕೂರಿಸಿ, ತೆಗೆದು, ಮತ್ತೆ ಕೆತ್ತಿ... ತುಂಬ ದಿನ ಹಿಡಿಯುತ್ತೆ."

"ಅಷ್ಟು ತಾಳ್ಮೆ ಯಾರಿಗಿದೆ?"

"ನನಗಿದೆ. ನೋಡಿದ್ದೀರಲ್ಲ."

ಇಬ್ಬರೂ ನೆಲದ ಮೇಲೆ ಕೂತು ಹೆರೆ ಬಾಚಿದರು. ಡಬ್ಬಿಯನ್ನು ಹೂತು ಕಾಗದದ ಚೀಲ ತುಂಬಿದ ಮೇಲೆ ಅವನು ಕೈ ಚಾಚಿ, ಅವಳ ಕಿವಿಯ ಮೇಲಿನ ಕೂದಲಲ್ಲಿ ಸಿಕ್ಕಿದ್ದ ಒಂದು ಸುರುಳಿಯನ್ನು ಮೆತ್ತಗೆ ಬಿಡಿಸಿದ. "ಇದೂ ಅದರದ್ದೇ," ಎಂದ. ಅದನ್ನು ಚೀಲಕ್ಕೆ ಹಾಕದೆ ಅಂಗಿಯ ಜೇಬಿಗೆ ಹಾಕಿಕೊಂಡ.

ಬಸ್ ನಿಲ್ದಾಣಕ್ಕೆ ಅವಳೂ ಬಂದಳು. ಅವನು ಕಿಟಕಿಯ ಪಕ್ಕ ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವಳು ಕೆಳಗೆ ಕಿಟಕಿಯ ಕಂಬಿ ಹಿಡಿದು ನಿಂತಳು.

"ಹೋಗಬೇಡಿ ಅನ್ನಲ್ಲ. ಅಕ್ಕ ಅಂದ್ರೆ ಅಕ್ಕನೇ. ಆದ್ರೆ ನನಗೆ ನೀವು ಬೇಕು." ಹಿಂದಿನ ಸೀಟಿನವರೂ ತಿರುಗಿ ನೋಡಿದರು. ನೋಡಲಿ.

"ಅಕ್ಕ ಎದ್ದು ಓಡಾಡೋ ಹಾಗಾದ್ರೆ ಬರ್ತೀನಿ."

"ಆಗದಿದ್ರೆ?"

"ನೀವು ಬನ್ನಿ. ಅಲ್ಲೂ ಕರೆಂಟಿದೆ, ಲೇತ್ ತಿರುಗುತ್ತೆ."

"ನಿಮ್ಮಕ್ಕನಿಗೆ ನನ್ನ ಬಾಯಿ ಸರಿಬರುತ್ತಾ?"

"ಅವಳ ಮುಂದೆ ನೀವು ಸಾಧು."

ಅವಳಿಗೆ ನಗು ಬಂತು, ಜೊತೆಗೆ ಕಣ್ಣೀರೂ ಬಂತು. ಎರಡನ್ನೂ ಒಟ್ಟಿಗೆ ಹೇಗೆ ನಿಭಾಯಿಸಬೇಕೋ ತಿಳಿಯಲಿಲ್ಲ. ಬಸ್ಸು ಗುರ್ ಎಂದು ಅಲುಗಿತು. ಅವಳು ಕಂಬಿ ಬಿಟ್ಟು ಮುಂದಕ್ಕೆ ಓಡಿ ಡ್ರೈವರನ ಬಾಗಿಲನ್ನು ಬಡಿದಳು.

"ಏನಮ್ಮಾ?"

"ನಿಧಾನಕ್ಕೆ ಓಡ್ಸಿ ಅಣ್ಣಾ! ಒಳಗೆ ಹಸಿ ಮರ ಇದೆ!"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಒಬ್ಬ ಮಾತ್ರ ನಗದೆ, ಕಂಬಿಗೆ ಕೆನ್ನೆ ಒತ್ತಿ, ತಿರುವು ಬರುವ ತನಕ ಅವಳನ್ನೇ ನೋಡಿದ.

ಬಸ್ಸು ಮರೆಯಾದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಹೊಗೆ ಕರಗಿತು, ರಸ್ತೆ ಖಾಲಿಯಾಯಿತು. ಕೋಣೆಗೆ ಹೋಗುವ ಅವಸರ ಇರಲಿಲ್ಲ. ಅಲ್ಲಿ ಬೈಯುವುದಕ್ಕಾದರೂ ಯಾರಿದ್ದರು?