ಮೊದಲ ಸೀಸೆಯ ನೀರು

2024ರ ನವೆಂಬರ್ 12, ಮಂಗಳವಾರ, ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ, ಹೇಮಾಕ್ಷಿಯವರ ಬಾಲ್ಕನಿಯಲ್ಲಿ ಕೂತು ನರಸಿಂಹಮೂರ್ತಿ ಎರಡನೆಯ ಲೋಟ ಕಾಫಿಗೆ ಕೈ ಚಾಚಿದ್ದರು. ಕರೆಗಂಟೆ ಬಿಟ್ಟೂಬಿಡದೆ ಹೊಡೆದುಕೊಂಡಿತು. ಬಾಗಿಲು ತೆರೆದರೆ ಮೂರ್ತಿಯವರ ಮಗಳು ಅನು. ಬಿಳಿಯ ಲ್ಯಾಬ್ ಕೋಟನ್ನೂ ಬಿಚ್ಚದೆ ಬಂದುಬಿಟ್ಟಿದ್ದಳು.

"ನಾನ್ನಾ, ನಮ್ಮ ಡಿಗ್ರಿ ಮುಚ್ಚಿಬಿಡ್ತಾರೆ," ಎಂದಳು. ಅಪ್ಪನನ್ನು ಅವಳು ಕರೆಯುವುದು ತೆಲುಗಿನಲ್ಲೇ. ತಾಯಿಯ ಕಡೆಯ ರೂಢಿ. "ಮೊದಲ ಸೀಸೆ ಸುಳ್ಳು ಹೇಳ್ತು."

"ಸೀಸೆ ಸುಳ್ಳು ಹೇಳಂಗಿಲ್ಲವಾ, ಮಂದಿ ಹೇಳ್ತಾರ," ಎಂದರು ಹೇಮಾಕ್ಷಿ. "ಕೂಡು. ಮೊದಲ ನೀರು ಕುಡಿ."

ಧಾರವಾಡದಲ್ಲಿ ಹುಟ್ಟಿ, ತೆಲುಗು ಮನೆಯ ಸೊಸೆಯಾಗಿ ಬಂದು, ಊರಿನ ಅರ್ಧ ಹೆಣ್ಣುಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಬಡಾವಣೆಯಲ್ಲಿ ಏನು ಕಳೆದರೂ, ಯಾವ ಗುಟ್ಟು ಬಿಡಿಸಲಾಗದಿದ್ದರೂ ಜನ ಅವರ ಮೆಟ್ಟಿಲು ಹತ್ತುತ್ತಿದ್ದರು. ಪಕ್ಕದ ಮನೆಯ ನರಸಿಂಹಮೂರ್ತಿ ಪ್ರತಿ ಸಲವೂ ಜೊತೆಗೆ ಹೋಗಿ, ಪ್ರತಿ ಸಲವೂ ತಪ್ಪು ಮನುಷ್ಯನ ಮೇಲೆ ಅನುಮಾನಪಟ್ಟು, ಅದಕ್ಕೆ ಚೂರೂ ನಾಚದೆ ಮನೆಗೆ ಬರುತ್ತಿದ್ದರು.

ಈ ಸಲ ಮಾತ್ರ ಸಂಗತಿ ಅವರ ಎದೆಗೇ ತಾಕಿತು. ಪೂರ್ವತೀರ ವಿಶ್ವವಿದ್ಯಾಲಯದ ಜಲವಿಜ್ಞಾನ ಪದವಿಗೆ 1976ರಲ್ಲಿ ಸೇರಿದ ಮೊದಲ ತಂಡದಲ್ಲಿ, ಮೈಸೂರಿನಿಂದ ಸೋದರಮಾವನ ಮನೆಗೆ ಬಂದಿದ್ದ ಈ ಮೂರ್ತಿಯೂ ಒಬ್ಬ. ಈಗ ಆ ವಿಭಾಗಕ್ಕೆ ಅನುವೇ ಮುಖ್ಯಸ್ಥೆ. "ಅಳೆದದ್ದನ್ನೇ ಬರೆ" ಎಂಬುದು ವಿಶ್ವವಿದ್ಯಾಲಯದ ಧ್ಯೇಯ. ಸ್ಥಾಪಕ ಮೇಷ್ಟ್ರು ಅದನ್ನು ಹೆಬ್ಬಾಗಿಲ ಮೇಲೆ ಕೆತ್ತಿಸಿದ್ದರು. ಪ್ರತಿಯೊಂದು ಪದವಿಯೂ ಆ ಧ್ಯೇಯಕ್ಕೆ ಹೊಂದುತ್ತದೆಯೇ, ಅದರ ಮಟ್ಟ ಸರಿಯಿದೆಯೇ ಎಂದು ನೋಡಲು ಈಗ ಹೊರಗಿನ ಸಮಿತಿ ಬಂದಿತ್ತು. ವಿಜಯವಾಡ ಕ್ಯಾಂಪಸ್ಸಿನ ಡೀನ್ ಸೂರ್ಯಪ್ರಕಾಶರದು ಒಂದೇ ಹಟ: ವಿಶಾಖಪಟ್ಟಣದ ಲ್ಯಾಬ್ ಮುಚ್ಚಬೇಕು, ಪದವಿಯನ್ನು ವಿಜಯವಾಡಕ್ಕೆ ಒಯ್ದು ಕಂಪ್ಯೂಟರಿನ ಮೇಲೆ ಕಲಿಸಬೇಕು.

ಇಂಥ ಪರಿಶೀಲನೆಗೆ ವಿಭಾಗದಲ್ಲೊಂದು ಸಂಪ್ರದಾಯವಿತ್ತು. ಮೊದಲ ತಂಡ ತುಂಬಿಟ್ಟ ಕಡಲ ನೀರಿನ ಸೀಸೆಯನ್ನು ಅತಿಥಿಗಳೆದುರು ತೆರೆಯುವುದು. ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬರು ಪಿಪೆಟ್ಟಿನಲ್ಲಿ ತುಸು ನೀರೆತ್ತಿ ಅದರ ಉಪ್ಪನ್ನು ಅಳೆಯುವುದು. ಮತ್ತೆ ಅರಗಿನ ಮುದ್ರೆ ಹಾಕಿ ಎತ್ತಿಡುವುದು. ಸೀಸೆಯ ಚೀಟಿಯ ಮೇಲೆ ಇದ್ದದ್ದು ಇಷ್ಟೇ: 1976, ಸಾವಿರ ಗ್ರಾಂ ನೀರಿಗೆ ಉಪ್ಪು 34.0 ಗ್ರಾಂ. ಯಾವ ತಂಡ ಅಳೆದರೂ ಅದರ ಆಸುಪಾಸಿನಲ್ಲೇ ಬರುತ್ತಿತ್ತು.

"ಈವತ್ತು ಸಾಯಿಪ್ರಿಯಾ ಅಳೆದಳು. 26.3 ಬಂತು," ಎಂದಳು ಅನು. "ಮತ್ತೆ ಮತ್ತೆ ಮಾಡಿದ್ರೂ ಅದೇ. ಚೀಟಿ ಕಣ್ಣೆದುರಿಗೇ ಇದೆ ಕದಾ, ಆದ್ರೂ ಆ ಹುಡುಗಿ 26.3 ಅಂತಲೇ ಬರೆದುಕೊಟ್ಟಳು. ಸೂರ್ಯಪ್ರಕಾಶ್ ಗಾರು ನಕ್ಕುಬಿಟ್ರು. 'ಇದೇನಾ ನಿಮ್ಮ ಮಟ್ಟ' ಅಂದ್ರು. ನಾಡಿದ್ದು ವಿಜಯವಾಡದಲ್ಲಿ ತೀರ್ಮಾನ."

"ಅವನದ್ದೇ ಕೆಲಸ!" ನರಸಿಂಹಮೂರ್ತಿ ಎದ್ದು ನಿಂತರು. "ಡೀನ್ ಹತ್ರ ಸೀಸೆ ಇಡೋ ಬೀರುವಿನ ಕೀ ಇದೆ ಕಣ್ರೀ."

"ಸುರು ಆತು ನೋಡ್ರಿ ನಿಮ್ಮದು," ಎಂದರು ಹೇಮಾಕ್ಷಿ. "ಕಾಫಿ ಮುಗಸ್ರಿ. ನಾಳೆ ಹೋಗೂಣು."

ಮರುದಿನ ಬೆಳಿಗ್ಗೆ ಲ್ಯಾಬಿನೊಳಗೆ ಕಾಲಿಟ್ಟಾಗ ನರಸಿಂಹಮೂರ್ತಿಯವರಿಗೆ ಹಳೆಯ ವಾಸನೆಯೇ ಎದುರಾಯಿತು: ಸ್ಪಿರಿಟ್ಟು, ಒದ್ದೆ ಮರ, ಕಿಟಕಿಯಿಂದ ಬರುವ ಉಪ್ಪುಗಾಳಿ. ಸೀಸೆಯ ಬೀರು ಮಾತ್ರ ಹೊಸದು. ಗಾಜು, ಸ್ಟೀಲು, ಫಳಫಳ.

"ಫಣಿ ಅಂಕಲ್ ಮಾಡಿಸಿಕೊಟ್ಟದ್ದು," ಎಂದಳು ಅನು. "ಒಂದು ಪೈಸೆ ತಗೊಂಡಿಲ್ಲ. ಭಾನುವಾರ ತಾವೇ ಬಂದು ಕೂಡಿಸಿ ಹೋದ್ರು. ಸೋಮವಾರ ಡೀನ್ ಬಂದು ನೋಡಿದ್ರು. ಬೀರು ಮುಟ್ಟಿದವರು ಇವರಿಬ್ಬರೇ, ಅಷ್ಟೇ."

ಫಣಿ ಮೊದಲ ತಂಡದವನು, ನರಸಿಂಹಮೂರ್ತಿಯವರ ಜೀವದ ಗೆಳೆಯ. ವಿಜಯವಾಡದ ಆಟೋನಗರ್‌ನಲ್ಲಿ ಲಾರಿ ರಿಪೇರಿಯ ದೊಡ್ಡ ವರ್ಕ್‌ಶಾಪ್ ಅವನದು.

ಮೂಲೆಯಲ್ಲಿ ಸಾಯಿಪ್ರಿಯಾ ನಿಂತಿದ್ದಳು. ಅತ್ತು ಕಣ್ಣು ಊದಿದ್ದವು. ಹೇಮಾಕ್ಷಿ ಅವಳನ್ನು ಏನೂ ಕೇಳದೆ ಸೀಸೆ ತೆಗೆದುಕೊಂಡರು. ಕತ್ತಿನ ಸುತ್ತ ಮುದ್ರೆಯ ಕೆಂಪು ಚೂರುಗಳು ಉಳಿದಿದ್ದವು. ಒಂದನ್ನು ಉಗುರಿನಿಂದ ಒತ್ತಿದರು, ಅದು ಒಡೆಯಲಿಲ್ಲ, ತಗ್ಗಿ ಮತ್ತೆ ಉಬ್ಬಿತು. ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಳದಲ್ಲಿ ಕರಿಯ ಮರಳಿನ ಒಂದೆರಡು ಕಣ.

"ಹಿಂದಿನ ಸಲ ತೆರೆದಾಗ ನೀ ಇಲ್ಲಿ ಇದ್ದೇನವಾ?"

"ಇಲ್ಲ ಆಂಟಿ. ನಾನು ಸೇರೋ ಮುಂಚೆ."

"ಮೂರ್ತಿಯವರ, ಇದನ್ನ ತುಂಬಿದ ದಿನದ್ದು ಹೇಳ್ರಿ."

ನರಸಿಂಹಮೂರ್ತಿಯವರ ಮುಖ ಅರಳಿತು. "ಮರೆಯೋದುಂಟೇ! ಕ್ಲಾಸು ಶುರುವಾಗೋ ಮುಂಚೇನೇ ಮೇಷ್ಟ್ರು ನಮ್ಮನ್ನೆಲ್ಲ ಕಡಲ ದಂಡೆಗೆ ಕರೆಸಿದ್ರು. ಚಪ್ಪಲಿ ಬಿಟ್ಟು ಬನ್ನಿ ಅಂದ್ರು. ಮರಳೋ, ಕಾದ ಬಾಣಲೆ! ಫಣಿ ಪುಣ್ಯಾತ್ಮ ನನ್ನ ಪಾದದ ಮೇಲೆ ಹತ್ತಿ ನಿಂತ. ಎಲ್ಲ ಕುಣೀತಾ ನೀರಿಗೆ ಓಡಿದ್ವಿ. ಆಮೇಲೆ ಮೇಷ್ಟ್ರು ಆ ನೀರನ್ನ ಎರಡೆರಡು ಸಲ ಸೋಸು ಕಾಗದದಲ್ಲಿ ಸೋಸಿ ತುಂಬಿದ್ರು. ನಮಗೆಲ್ಲ ತಾಟಿನಿಂಗು, ಅದೇ ಎಳೇ ತಾಳೆಹಣ್ಣು, ಕೊಡಿಸಿದ್ರು. ಅದರ ತಂಪು ಇನ್ನೂ ನಾಲಗೆ ಮೇಲಿದೆ ಕಣ್ರೀ."

"ಫಣಿ ಪಾಸಾದರೇನು?"

"ಎಲ್ಲಿ ಪಾಸು, ಪಾಪ. ಆಷಾಢ ಮುಗಿಯೋಕೆ ಮುಂಚೆ ಅವರಪ್ಪ ಹಾಸಿಗೆ ಹಿಡಿದ್ರು. ವರ್ಕ್‌ಶಾಪ್ ನೋಡ್ಕೋಬೇಕು ಅಂತ ಹೊರಟುಹೋದ. ಆದ್ರೂ ನಾವು ಹಳಬರು ಸೇರೋ ದಿನ ಅವನೇ ಎಲ್ಲರಿಗಿಂತ ಮೊದಲು ಬರ್ತಾನೆ."

ಹೇಮಾಕ್ಷಿ ಸೀದಾ ದಂಡೆಗೆ ಇಳಿದರು. ಕಾರ್ತಿಕದ ಮರಳು ತಣ್ಣಗಿತ್ತು. ಸೀರೆ ಎತ್ತಿಕಟ್ಟಿ ಮೊಣಕಾಲು ನೀರಿನಲ್ಲಿ ನಿಂತು ಒಂದು ಬಾಟಲಿ ತುಂಬಿ ತಂದು ಸಾಯಿಪ್ರಿಯಾಳ ಕೈಗಿತ್ತರು. ಹುಡುಗಿ ಅಳೆದಳು. 26.3.

"ಈ ತಿಂಗಳು ಹೀಗೇ ಅಲ್ವೇ," ಎಂದರು ನರಸಿಂಹಮೂರ್ತಿ. "ಗಂಗೆ, ಗೋದಾವರಿ, ಎಲ್ಲಾ ಹೊಳೆಗಳ ಮಳೆನೀರು ಬಂದು ಸೇರಿ ಕಡಲು ತೆಳ್ಳಗಾಗಿರುತ್ತೆ." ಅಷ್ಟು ಹೇಳಿ ತಡೆದರು. "ಹಾಗಾದ್ರೆ ಸೀಸೆಗೆ ಯಾರೋ ಈ ವಾರದ ನೀರನ್ನೇ ತುಂಬಿದ್ದಾರೆ! ನಾನು ಹೇಳ್ಲಿಲ್ವಾ, ಆ ಡೀನು..."

"ಯಾಕ ತುಂಬ್ಯಾರ ಅನ್ನೂದು ತಿಳದ್ರ, ಯಾರು ಅನ್ನೂದೂ ತಿಳೀತದ," ಎಂದರು ಹೇಮಾಕ್ಷಿ. ಅವರ ದನಿಯಲ್ಲಿ ಗೆಲುವಿರಲಿಲ್ಲ. "ನಿಮ್ಮ ಗೆಳೆಯಾಗ ಫೋನ್ ಮಾಡ್ರಿ. ನಾಳೆ ಸಭೆಗೆ ಬರ್ಲಿ."

ಗುರುವಾರ ಮಧ್ಯಾಹ್ನ ವಿಜಯವಾಡ ಕ್ಯಾಂಪಸ್ಸಿನ ಸಭಾಕೋಣೆಯಲ್ಲಿ ಎಲ್ಲರೂ ಸೇರಿದರು: ಸಮಿತಿಯ ಅಧ್ಯಕ್ಷ ರಾಮ್‌ಪ್ರಸಾದ್, ಸೂರ್ಯಪ್ರಕಾಶ, ಅನು, ಸಾಯಿಪ್ರಿಯಾ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಗ್ರೀಸಿನ ಕಲೆ ಬಿಡದ ಕೈಗಳ ಫಣಿ. "ಒರೇಯ್ ಮೂರ್ತಿ, ಹೊಟ್ಟೆ ಬಂದಿದೆಯಲ್ಲೋ," ಎಂದು ಅವನು ಎಂದಿನಂತೆ ತಿವಿದ. ನರಸಿಂಹಮೂರ್ತಿಯವರಿಗೆ ನಗು ಬರಲಿಲ್ಲ.

ಹೇಮಾಕ್ಷಿ ತೆಲುಗಿನಲ್ಲೇ ಮಾತಾಡಿದರು. ಅವರ ತೆಲುಗಿನಲ್ಲೂ ಧಾರವಾಡದ ಎಳೆತವಿತ್ತು.

"ಮೊದಲು, ಈ ಹುಡುಗಿಯ ಅಳತೆ ಸರಿ. ಸೀಸೆಯ ನೀರು ಹಳೆಯದಲ್ಲ. ಮೇಷ್ಟ್ರು ಎರಡು ಸಲ ಸೋಸಿದ ನೀರಿನಲ್ಲಿ ಮರಳು ಎಲ್ಲಿಂದ ಬಂತು? ನಿನ್ನೆ ದಂಡೆಯ ನೀರಿನಲ್ಲೂ ಉಪ್ಪು ಅಷ್ಟೇ ಇತ್ತು. ಅಂದರೆ ಹಳೆಯ ನೀರು ಹೋಗಿದೆ, ಹೊಸದು ಬಂದಿದೆ."

"ನನ್ನ ಬಳಿ ಕೀ ಇದೆ. ನನ್ನನ್ನೇ ಹೇಳುತ್ತಿದ್ದೀರಾ ಅಮ್ಮಾ?" ಎಂದರು ಸೂರ್ಯಪ್ರಕಾಶ.

"ಇಲ್ಲ. ಪರೀಕ್ಷೆ ಕೆಡಿಸಬೇಕೆನ್ನುವವರು ನಲ್ಲಿಯ ನೀರು ಹಾಕಿದರೂ ಸಾಕಿತ್ತು. ಇವರು ಕಷ್ಟಪಟ್ಟು ಕಡಲಿಗೇ ಹೋಗಿದ್ದಾರೆ. ಅಂದರೆ ಅಂಕಿ ಸರಿಯಾಗಿ ಬರಲಿ ಎಂದು ಬಯಸಿದವರು. ಶತ್ರುವಲ್ಲ, ಮಿತ್ರ. ಅನುವೂ ಅಲ್ಲ; ಕಾರ್ತಿಕದ ಕಡಲು ತೆಳುವೆಂದು ಅವಳಿಗೆ ಗೊತ್ತು. ಅವಳಾಗಿದ್ದರೆ ಚಿಟಿಕೆ ಉಪ್ಪು ಸೇರಿಸುತ್ತಿದ್ದಳು."

"ಆಂಟೀ!" ಎಂದಳು ಅನು.

"ಕಡಲು ವರ್ಷವಿಡೀ ಒಂದೇ ಎಂದು ನಂಬಿದ ಮಿತ್ರ ಯಾರು? ಕಾಲು ಸುಡುವ ಮರಳು, ತಾಟಿನಿಂಗು: ಸೀಸೆ ತುಂಬಿದ್ದು ನಡುಬೇಸಿಗೆಯಲ್ಲಿ. ಮಳೆಗಾಲದ ನಂತರದ ಕಡಲನ್ನು ಅಳೆಯುವ ಮೊದಲೇ ಒಬ್ಬ ಹುಡುಗ ಕಾಲೇಜು ಬಿಟ್ಟ. ಅವನು ಕಲಿತದ್ದು ಬೇಸಿಗೆಯ ಕಡಲು ಮಾತ್ರ. ಇನ್ನು ಮುದ್ರೆ. ಅರಗಾದರೆ ಉಗುರಿಗೆ ಸಿಡಿಯುತ್ತದೆ. ಇದು ರಬ್ಬರಿನಂತೆ ಉಬ್ಬುತ್ತದೆ. ಎಂಜಿನ್ನಿಗೆ ಹಚ್ಚುವ ಕೆಂಪು ಗ್ಯಾಸ್ಕೆಟ್ ಅಂಟು. ಆಟೋನಗರ್‌ನಲ್ಲಿ ಎಲ್ಲರ ಜೇಬಿನಲ್ಲೂ ಅದರ ಟ್ಯೂಬು."

ಯಾರೂ ತಿರುಗಿ ನೋಡಬೇಕಾಗಲಿಲ್ಲ. ಫಣಿ ತಾನೇ ಎದ್ದಿದ್ದ.

"ಹಳೇ ಬೀರುವಿನಿಂದ ಎತ್ತುವಾಗ ಬಿರಡೆ ಸಡಿಲ ಇತ್ತು. ಕೈ ಜಾರಿತು, ನೀರೆಲ್ಲ ನೆಲಕ್ಕೆ," ಎಂದ. "ಸೀಸೆ ಖಾಲಿ ಅಂತ ಹೇಳಿದರೆ ಡಿಗ್ರಿಯನ್ನೇ ಮುಚ್ಚುತ್ತಾರೆ ಅಂತ ಹೆದರಿದೆ. ನಾವು ತುಂಬಿದ ಜಾಗಕ್ಕೇ ಹೋಗಿ ತಂದೆ ಅಮ್ಮಾ. ಅದೇ ಸಮುದ್ರ ತಾನೇ ಅಂದುಕೊಂಡೆ." ಅವನು ಸಾಯಿಪ್ರಿಯಾಳ ಕಡೆ ನೋಡಿದ. "ಅಂಕಿ ತಪ್ಪಿತು ಅಂತ ಕೇಳಿದಾಗ, ನಿನ್ನ ಕೈಯೇ ತಪ್ಪಿರಬೇಕು ಅಂತ ಸುಮ್ಮನಾದೆ ತಲ್ಲೀ. ಸಮುದ್ರ ತಪ್ಪುವುದಿಲ್ಲವಲ್ಲ."

ನರಸಿಂಹಮೂರ್ತಿ ಎದ್ದು ಹೋಗಿ ಅವನ ಪಕ್ಕದಲ್ಲಿ ನಿಂತರು.

ರಾಮ್‌ಪ್ರಸಾದ್ ಕನ್ನಡಕ ತೆಗೆದರು. "ಚೀಟಿಯಲ್ಲಿ 34.0 ಇತ್ತಲ್ಲಮ್ಮಾ. ನೀನು ಅದನ್ನೇ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಯಾಕೆ ಬರೆಯಲಿಲ್ಲ?"

ಸಾಯಿಪ್ರಿಯಾ ಗಾಬರಿಯಾದಳು. "ನನಗೆ ಅಷ್ಟು ಬರಲಿಲ್ಲ ಸರ್."

"ಕಂಪ್ಯೂಟರಿನಲ್ಲಾಗಿದ್ದರೆ 34.0 ಸರಿಯಾಗಿ ಬರುತ್ತಿತ್ತು," ಎಂದರು ಸೂರ್ಯಪ್ರಕಾಶ.

"ಅದೇ ತೊಂದರೆ ಡೀನ್ ಗಾರು," ಎಂದರು ರಾಮ್‌ಪ್ರಸಾದ್. "ಧ್ಯೇಯ ನಿಮ್ಮ ಬಾಗಿಲ ಮೇಲೆ ಇದೆ. ಅದು ಪದವಿಯೊಳಕ್ಕೂ ಇಳಿದಿದೆಯೇ ಎಂದು ನೋಡಲು ಬಂದೆವು. ನೋಡಿದ್ದಾಯಿತು. ಪದವಿ ಇದ್ದಲ್ಲೇ ಇರಲಿ."

ಮುಂದಿನ ಮೇ ತಿಂಗಳ ಒಂದು ಮಧ್ಯಾಹ್ನ, ಅದೇ ದಂಡೆಯಲ್ಲಿ ಇಬ್ಬರು ಮುದುಕರು ಚಪ್ಪಲಿ ಬಿಟ್ಟು ಕುಣಿಯುತ್ತ ನೀರಿಗೆ ಓಡಿದರು. ಫಣಿ ನರಸಿಂಹಮೂರ್ತಿಯವರ ಪಾದದ ಮೇಲೆ ಹತ್ತಲು ನೋಡಿದ. "ಈಗಿನ ಭಾರಕ್ಕೆ ಮೂಳೆ ಮುರಿಯುತ್ತೋ," ಎಂದು ಅವರು ದಬ್ಬಿದರು. ಕೊಡೆಯ ನೆರಳಿನಲ್ಲಿ ತಾಟಿನಿಂಗು ಸುಲಿಯುತ್ತಿದ್ದ ಹೇಮಾಕ್ಷಿ, "ಹುಡುಗರು ಹುಡುಗರೇ," ಎಂದರು.

ನೀರನ್ನು ಎರಡು ಸಲ ಸೋಸಿದರು. ಸಾಯಿಪ್ರಿಯಾ ಅಳೆದಳು. ಅನು ಹೊಸ ಚೀಟಿ ಹಿಡಿದು ಕಾಯುತ್ತಿದ್ದಳು. ಅದರಲ್ಲಿ ಈ ಸಲ ತಿಂಗಳಿಗೂ ಜಾಗವಿತ್ತು.

"34 ಅಂತ ಹಾಕಮ್ಮಾ, ಹಳೆಯದಕ್ಕೆ ಸರಿಹೋಗುತ್ತೆ," ಎಂದ ಫಣಿ, ಆಸೆಯಿಂದ.

ಸಾಯಿಪ್ರಿಯಾ ನಕ್ಕಳು, ಬ್ಯೂರೆಟ್ಟಿನ ಗೆರೆಗೆ ಇನ್ನೊಮ್ಮೆ ಕಣ್ಣು ಹೊಂದಿಸಿ, ಬರೆದಳು: ಸಾವಿರ ಗ್ರಾಂ ನೀರಿಗೆ ಉಪ್ಪು 33.7 ಗ್ರಾಂ.