ಕಟ್ಟೆ ಯಾರ ಎತ್ತರಕ್ಕೆ

"ಇಲ್ಲಿ ನಿಲ್ಲೋರು ಯಾರು?" ಎಂದು ಕೇಳಿದ್ದು ಮೂರನೆಯ ಕಾಂಟ್ರಾಕ್ಟರ್.

ಅಡುಗೆಮನೆಯಲ್ಲಿದ್ದ ಎಲ್ಲರ ಕೈಯೂ ಒಟ್ಟಿಗೆ ಪುಟ್ಟಿಯ ಕಡೆ ತಿರುಗಿತು. ಅಣ್ಣನದು, ಅತ್ತಿಗೆಯದು, ಕೊನೆಗೆ ಅತ್ತಿಗೆಯ ಕಂಕುಳಲ್ಲಿದ್ದ ಮಗುವಿನದೂ. ಒಂದು ಗಳಿಗೆ ಯೋಚಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

"ಇನ್ಯಾರು ನಿಲ್ತಾರೆ? ನಮ್ಮ ಪುಟ್ಟಿನೇ," ಎಂದ ಅಣ್ಣ, ಹೆಮ್ಮೆಯಿಂದ. "ಇವಳಿಲ್ಲದಿದ್ರೆ ಈ ಮನೇಲಿ ನೀರೂ ಕುದಿಯಲ್ಲ."

ಮೂವತ್ತೈದು ದಾಟಿದರೂ ಆ ಮನೆಯಲ್ಲಿ ಅವಳು ಪುಟ್ಟಿಯೇ. ಎಂದಿನಂತೆ ನಕ್ಕಳು. ಬೈದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು. ಹೊಗಳಿದವರಿಗೆ ಏನೆಂದು ಹೇಳುವುದು?

ಹಳೆಯ ಕಟ್ಟೆಯ ಕಲ್ಲು ಸಿಂಕಿನ ಪಕ್ಕದಲ್ಲಿ ಬಿರುಕು ಬಿಟ್ಟು ನೀರು ಕೆಳಗಿಳಿಯುತ್ತಿತ್ತು. ಅದನ್ನು ಹಾಕಿಸಿದ್ದು ಅಮ್ಮನ ಕಾಲದಲ್ಲಿ, ಅಮ್ಮನ ಗಿಡ್ಡ ಮೈಗೆ. ಅಮ್ಮ ಹಾಸಿಗೆ ಹಿಡಿದಾಗ ಪುಟ್ಟಿ ಅದರ ಮುಂದೆ ಬಗ್ಗಿ ನಿಂತಳು. ಆಗ ಬಂದ ಸಂಬಂಧಕ್ಕೆ ಅಣ್ಣ, "ಅಮ್ಮ ಹುಷಾರಾಗ್ಲಿ, ಆಮೇಲೆ ನೋಡೋಣ" ಎಂದಿದ್ದ. ಅಮ್ಮ ಹೋದರು. ಆಮೇಲೆ ಅತ್ತಿಗೆಯ ಬಾಣಂತನ, ಆಮೇಲೆ ಮಕ್ಕಳು. "ಆಮೇಲೆ" ಮಾತ್ರ ಬರಲೇ ಇಲ್ಲ.

"ಅಡುಗೆಮನೆ ನಿನ್ನದು. ಕಾಂಟ್ರಾಕ್ಟರನ್ನೂ ನೀನೇ ಆರಿಸು," ಎಂದಿದ್ದ ಅಣ್ಣ.

"ಒಬ್ಬರ ಹಿಂದೆ ಒಬ್ಬರು ಬಂದು ನೋಡ್ಕೊಂಡು ಹೋಗ್ತಿದಾರೆ. ಸ್ವಯಂವರ ಕಣೇ ಇದು!" ಎಂದು ಅತ್ತಿಗೆ ಕಣ್ಣು ಮಿಟುಕಿಸಿದ್ದಳು.

ಬಂದವರಲ್ಲಿ ಮೊದಲನೆಯವನು ಸೋಫಾ ಬಿಟ್ಟು ಏಳಲಿಲ್ಲ. ಯಾರೂ ಎಂದೂ ಒಗ್ಗರಣೆ ಹಾಕದ ಅಡುಗೆಮನೆಗಳ ಫೋಟೋಗಳನ್ನು ಸರಸರ ಸರಿಸುತ್ತ ಹೋದ. ಎರಡನೆಯವನು ಮಾತಾಡಿದ್ದೆಲ್ಲ ಅಣ್ಣನ ಜೊತೆಗೇ. ಅವಳು ಸಿಂಕಿನ ವಿಚಾರ ಎತ್ತಿದಾಗ, "ಅದೆಲ್ಲ ನಮಗೆ ಬಿಡಿ ಮೇಡಂ" ಎಂದ. ಇವನೊಬ್ಬ, ಮೂರನೆಯವನು, ಚಪ್ಪಲಿ ಹೊರಗೆ ಬಿಟ್ಟು ನೇರ ಅಡುಗೆಮನೆಗೆ ಬಂದು ಆ ಪ್ರಶ್ನೆ ಕೇಳಿದ.

"ಮೊಣಕೈ ಮಡಚಿ ನಿಲ್ಲಿ," ಎಂದ. ಅಳತೆಪಟ್ಟಿಯನ್ನು ಅವಳ ತೋಳಿಗೆ ತಾಗದ ಹಾಗೆ, ಆದರೆ ತಾಗೀತೆಂಬ ಹಾಗೆ ಹಿಡಿದ. ಮೊಣಕೈಯಿಂದ ಗೇಣಷ್ಟು ಕೆಳಗೆ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದ.

"ಇಷ್ಟು ವರ್ಷ ಬಗ್ಗಿ ನಿಂತಿದೀರಿ."

"ನಿಮಗೆ ಹೇಗೆ ಗೊತ್ತು?"

"ನೆಟ್ಟಗೆ ನಿಲ್ಲಿ ಅಂದ್ರೂ ನಿಮ್ಮ ಬೆನ್ನು ಇನ್ನೂ ಆ ಕಟ್ಟೆನೇ ಹುಡುಕ್ತಿದೆ."

ಅವಳ ಬೆನ್ನಿನ ಸುದ್ದಿ ಆ ಮನೆಯಲ್ಲಿ ಅದುವರೆಗೆ ಯಾರೂ ಎತ್ತಿರಲಿಲ್ಲ. ಕೆನ್ನೆ ಬಿಸಿಯಾಯಿತು. ಸಂಜೆ ಅಣ್ಣ ಕೇಳಿದಾಗ, ಎಲೆಕೋಸು ಹೆಚ್ಚುತ್ತ ತಲೆ ಎತ್ತದೆಯೇ ಹೇಳಿದಳು: "ಮೂರನೆಯವರೇ ಇರಲಿ."

ಕೆಲಸ ಶುರುವಾಯಿತು. ಡಬ್ಬಿಗಳೆಲ್ಲ ನಡುಮನೆಗೆ ಬಂದವು, ಸ್ಟೌ ಹಿಂದಿನ ವರಾಂಡಕ್ಕೆ ಹೋಯಿತು. ಧೂಳು ಮನೆಗೆ ಬಾರದಿರಲೆಂದು ಅಡುಗೆಮನೆಯ ಬಾಗಿಲಿಗೆ ಪ್ಲಾಸ್ಟಿಕ್ ಪರದೆ ಬಿತ್ತು. ಪರದೆಯ ಆಚೆ ಅವನು ನೀರಿನೊಳಗಿನ ನೆರಳಿನಂತೆ ಓಡಾಡುತ್ತಿದ್ದ. ಅವಳು ಚಹಾ ಹಿಡಿದು ಬಂದರೆ ಆ ನೆರಳು ನಿಲ್ಲುತ್ತಿತ್ತು. ಪರದೆ ಸರಿಸಿದರೆ, ರೆಪ್ಪೆಯ ಮೇಲೆಲ್ಲ ಕಲ್ಲಿನ ಹುಡಿ ಕೂತಿದ್ದ ಎರಡು ಕಣ್ಣು.

"ಒಂದೇ ದಿನಕ್ಕೆ ಮುದುಕರಾಗಿಬಿಟ್ರಲ್ಲ!" ಎಂದಳು ಒಂದು ದಿನ.

"ಚಹಾ ಬರೋದು ತಡವಾಯ್ತು. ಕಾದು ಕಾದು ನರೆತುಹೋದೆ."

ನಗು ಬಂತು. ಒಳಗೆ ಅಣ್ಣ ಕೆಮ್ಮಿದ. ನಗು ಅಲ್ಲಿಗೇ ನಿಂತಿತು.

ಬೆಳಗಿನ ಹೊತ್ತು ರೇಡಿಯೋದಲ್ಲಿ ಪದ್ಯ ಓದುತ್ತಿದ್ದರು. ಹಳೆಯ ಕಾವ್ಯ, ನಿಧಾನದ ರಾಗ. ಎಳೆತನದಿಂದ ಅವಳು ಅದನ್ನು ಕೇಳದೆ ಒಲೆ ಹಚ್ಚಿದವಳಲ್ಲ. ಕಲ್ಲು ಕೊಯ್ಯುವ ಮಷಿನ್ನಿನ ಗದ್ದಲದಲ್ಲಿ ಇನ್ನು ಆ ಭಾಗ್ಯವೂ ಇಲ್ಲವೆಂದುಕೊಂಡಿದ್ದಳು. ಆದರೆ ಪದ್ಯ ಶುರುವಾದೊಡನೆ ಅವನು ಮಷಿನ್ ನಿಲ್ಲಿಸಿದ. ಮಂಡಿಯ ಮೇಲೆ ಕೈಯಿಟ್ಟು, ಪೂಜೆಗೆ ಕೂತವನಂತೆ ಕೂತ.

"ಕೆಲಸ ಮಾಡ್ಕೊಳ್ಳಿ, ಪರವಾಗಿಲ್ಲ," ಎಂದಳು.

"ಪದ್ಯ ಮುಗೀಲಿ. ಕಲ್ಲೇನೂ ಓಡಿಹೋಗಲ್ಲ."

"ನಾನೂ ಅಷ್ಟೇ," ಎಂದುಬಿಟ್ಟಳು.

ಆಡಿದ್ದು ತಮಾಷೆಗೆ. ಅವನು ನಗಲಿಲ್ಲ. ಅವಳನ್ನೇ ನೋಡಿದ. ಕೇಳಬೇಕಾದ್ದೇನೋ ಅವನ ತುಟಿಯವರೆಗೆ ಬಂದು ಹಿಂದಕ್ಕೆ ಹೋಯಿತು.

ಆ ಸಂಜೆ, ಅಂಗಳದಲ್ಲಿ ಇಳಿಸಿದ್ದ ಕಪ್ಪು ಗ್ರಾನೈಟ್ ಹಾಸಿನ ಮೇಲೆ ಅತ್ತಿಗೆ ಅಕ್ಕರೆಯಿಂದ ಕೈಯಾಡಿಸಿದಳು. "ಐವತ್ತು ವರ್ಷ ಅಲುಗಾಡಲ್ವಂತೆ ಪುಟ್ಟಿ. ಅದೂ ನಿನ್ನ ಅಳತೆಗೇ. ಇನ್ನು ನಿನಗೇನು ಬೇಕು ಹೇಳು?"

ಅತ್ತಿಗೆಯ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಭಯವಾದದ್ದು. ಪುಟ್ಟಿ ಒಳಗೆ ಹೋಗಿ ಗೋಡೆಯ ಆ ಗೆರೆ ನೋಡಿದಳು. ಅವಳ ಬೆನ್ನಿಗೆ ಕರುಣೆ ತೋರಿಸಿ ಎಳೆದ ಗೆರೆ. ನಾಳೆ ಆಧಾರದ ಕಲ್ಲುಗಳನ್ನು ಅದೇ ಎತ್ತರಕ್ಕೆ ಕೊಯ್ದು, ಮೇಲೆ ಹಾಸು ಕೂರಿಸಿದರೆ ಮುಗಿಯಿತು. ಇನ್ನು ಅವಳು ಆರಾಮವಾಗಿ ನಿಲ್ಲಬಹುದು, ತಲೆ ನರೆಯುವ ತನಕ. ಬೆನ್ನು ನೋಯುತ್ತಿದ್ದಾಗ ಇದು ತನ್ನ ಜಾಗವಲ್ಲ ಎಂದಾದರೂ ಅನ್ನಿಸುತ್ತಿತ್ತು.

ಬೆಳಿಗ್ಗೆ ಅತ್ತಿಗೆ ಫೋನಿನಲ್ಲಿ ಮಾತಾಡುತ್ತ ಆಫೀಸಿಗೆ ಹೊರಟಿದ್ದಳು.

"ಅತ್ತಿಗೆ, ಒಂದು ನಿಮಿಷ. ಇಲ್ಲಿ ನಿಂತು ಮೊಣಕೈ ಮಡಚಿ."

"ಹೂಂ ಸರ್, ಕಳಿಸ್ತೀನಿ ಸರ್," ಎನ್ನುತ್ತಲೇ ಅತ್ತಿಗೆ ನಿಂತಳು, ಮಡಚಿದಳು, ಏಕೆಂದು ಕೇಳದೆಯೇ ಹೋದಳು. ಅತ್ತಿಗೆ ಎತ್ತರದ ಹೆಂಗಸು. ಅವಳು ನಿಂತಿದ್ದಾಗಲೇ ಪುಟ್ಟಿ ಪೆನ್ಸಿಲಿನಿಂದ, ಅವಳ ಮೊಣಕೈಗಿಂತ ಗೇಣಷ್ಟು ಕೆಳಗೆ ಇನ್ನೊಂದು ಗೆರೆ ಎಳೆದಿದ್ದಳು. ಅದಕ್ಕಿಂತ ಕೆಳಗಿದ್ದ ತನ್ನ ಗೆರೆಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದಳು. ಅದು ಪೂರ್ತಿ ಹೋಗಲಿಲ್ಲ.

ಅವನು ಬಂದವನೇ ಗೋಡೆ ನೋಡಿದ.

"ಇದ್ಯಾರ ಗೆರೆ?"

"ಅತ್ತಿಗೆದು."

"ನಿಲ್ಲೋರು ನೀವು ಅಂದಿದ್ರಲ್ಲ?"

"ನೀವು ಕೇಳಿದ್ರಿ, ಅವರು ಹೇಳಿದ್ರು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ."

ಅವನು ಕೈಯಲ್ಲಿದ್ದ ಕರಣೆಯನ್ನು ಮೆಲ್ಲಗೆ ಕೆಳಗಿಟ್ಟ. "ಈಗ ಹೇಳಿ."

"ನಾನು ನಿಲ್ಲಲ್ಲ. ಎಲ್ಲಿಗೆ ಹೋಗ್ತೀನಿ ಅಂತ ಗೊತ್ತಿಲ್ಲ. ನಿಮ್ಮನ್ನ ನೆಚ್ಚಿಕೊಂಡು ಹೇಳ್ತಿರೋದೂ ಅಲ್ಲ. ನೀವು ಕಲ್ಲು ಕೂರಿಸಿ ನಿಮ್ಮ ಪಾಡಿಗೆ ಹೋದ್ರೂ ನಾನಿಲ್ಲಿ ನಿಲ್ಲಲ್ಲ."

ಅವನು ಅವಳ ಕಡೆ ಪೂರ್ತಿ ತಿರುಗಿದ. "ಇಷ್ಟು ನೀವು ಹೇಳಲಿ ಅಂತಲೇ ಕಾದಿದ್ದೆ. ಮೊದಲೇ ನಾನು ಕೇಳಿದ್ರೆ, ಇಲ್ಲಿ ಸಿಕ್ಕಿಬಿದ್ದಿರೋರನ್ನ ನಾನು ಎತ್ತಿಕೊಂಡು ಹೋದ ಹಾಗಾಗ್ತಿತ್ತು. ಈಗ ಕೇಳ್ತೀನಿ. ನನ್ನ ಜೊತೆ ಬರ್ತೀರಾ?"

ಅವಳು ಕೇಳಿದಳು, "ನಿಮ್ಮನೆ ಕಟ್ಟೆ ಯಾರ ಎತ್ತರಕ್ಕಿದೆ?"

"ನನ್ನದೇ. ಒಬ್ಬನೇ ಬೇಯಿಸ್ಕೊಂಡು ತಿನ್ನೋನು."

"ನನಗೆ ಎಟುಕಲ್ಲ."

"ಎಟುಕೋದು ಬೇಡ, ಬೇಯಿಸೋಕೆ ನಾನಿದೀನಲ್ಲ. ಅದನ್ನ ಇಳಿಸೋ ಯೋಚನೆಯಂತೂ ನನಗಿಲ್ಲ."

ನಗುತ್ತಲೇ ಕಣ್ಣು ತುಂಬಿತು. ಈ ಸಲ ಯಾರು ಕೆಮ್ಮಿದರೂ ನಿಲ್ಲಿಸುವಂಥ ನಗುವಾಗಿರಲಿಲ್ಲ.

ಸಂಜೆ ಅಣ್ಣ ಪರದೆ ಸರಿಸಿ ನಿಂತಲ್ಲೇ ನಿಂತ. "ಏನ್ರೀ ಇದು? ಅಳತೆ ತಪ್ಪಿದೆ! ನಮ್ಮ ಪುಟ್ಟಿಗೆ ಮೊಣಕೈವರೆಗೂ ಬರುತ್ತಲ್ಲ ಇದು. ಕಿತ್ತುಹಾಕಿ!"

ಕಾಂಟ್ರಾಕ್ಟರ್ ಬಾಯಿ ತೆರೆಯುವ ಮೊದಲೇ ಅವಳೆಂದಳು, "ತಪ್ಪಿಲ್ಲ ಅಣ್ಣ. ನಾನೇ ಹಾಕಿಸಿದ್ದು. ನಿನಗೆ ಸರಿಯಾಗುತ್ತೆ, ಅತ್ತಿಗೆಗೂ ಸರಿಯಾಗುತ್ತೆ. ನಾನು ಇವರನ್ನ ಮದುವೆ ಆಗ್ತಿದೀನಿ."

ಅಣ್ಣ ಅವನನ್ನೂ ಅವಳನ್ನೂ ನೋಡಿದ. ಸಿಟ್ಟಿಗಿಂತ ಹೆಚ್ಚಾಗಿ ಅವನ ಮುಖದಲ್ಲಿದ್ದದ್ದು ದಿಗಿಲು. "ನಿನಗೆ ನಾವೇನು ಕಡಿಮೆ ಮಾಡಿದೀವಿ ಪುಟ್ಟಿ?"

"ಏನೂ ಕಡಿಮೆ ಮಾಡಿಲ್ಲ. ಅದಕ್ಕೇ ಇಷ್ಟು ವರ್ಷ ಬಾಯಿ ಬರಲಿಲ್ಲ."

ಅತ್ತಿಗೆ ಆಫೀಸಿನ ಬ್ಯಾಗನ್ನು ಹೆಗಲಿಂದ ಇಳಿಸದೆಯೇ ಬಂದು ಹೊಸ ಕಲ್ಲಿನ ಮುಂದೆ ನಿಂತಳು. ಅವಳ ಅಂಗೈ ತಾನಾಗಿ ಅದರ ಮೇಲೆ ಕೂತಿತು. ಬೆಳಿಗ್ಗೆ ಮೊಣಕೈ ಮಡಚಿಸಿದ್ದು ಏಕೆಂದು ಈಗ ಅರ್ಥವಾಯಿತು.

"ಒಂದು ಮಾತು ಮೊದಲೇ ಹೇಳಬಾರದಿತ್ತೇನೇ?"

"ಕೇಳಿದ್ರೆ ಹೇಳ್ತಿದ್ದೆ, ಅತ್ತಿಗೆ."

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನತ್ತ ತಿರುಗಿ, "ಹೀಗೆ ನಿಂತ್ರೆ ಆಯ್ತಾ? ಇನ್ಮೇಲೆ ಅವರು ಈ ಮನೆ ಅಳಿಯ. ಒಂದು ಲೋಟ ಚಹಾ ಮಾಡಿ, ಹೋಗಿ," ಎಂದಳು.

"ನಾನಾ?"

"ನೀವಲ್ಲದೆ ಇನ್ಯಾರು?"

ಮುಂಬಾಗಿಲ ಮೆಟ್ಟಿಲ ಮೇಲೆ ಅವನೂ ಅವಳೂ ಕೂತರು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು. ಒಳಗೆ ನಡುಮನೆಯಲ್ಲಿ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮುಚ್ಚುವ ಸದ್ದು.

"ಪುಟ್ಟೀ, ಚಹಾಪುಡಿ ಎಲ್ಲೇ?" ಅಣ್ಣ ಕೂಗಿದ.

ಅವಳ ಕಾಲು ತಾನಾಗಿ ನೆಲಕ್ಕೆ ಒತ್ತಿತು, ಮೈ ಅರ್ಧ ಎದ್ದಿತು. ಹುಡಿ ಮೆತ್ತಿದ ಒರಟು ಅಂಗೈ ಅವಳ ಕೈಯ ಪಕ್ಕದಲ್ಲಿ ಬಂದು ಸುಮ್ಮನೆ ತೆರೆದುಕೊಂಡಿತು. ಹಿಡಿಯಲಿಲ್ಲ, ಎಳೆಯಲಿಲ್ಲ. ಅವಳೇ ಅದರೊಳಗೆ ತನ್ನ ಕೈಯಿಟ್ಟಳು.

"ಹುಡುಕು ಅಣ್ಣ, ಸಿಗುತ್ತೆ!" ಎಂದು ಕೂಗಿ ಹೇಳಿ, ಮತ್ತೆ ಕೂತಳು.