ಕಂಬದ ಕುಲಾವಿ

ಮಾರ್ಚ್ ಹನ್ನೊಂದು, ಬುಧವಾರ. ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಟ್ರಾಫಿಕ್ ಕ್ಯಾಮೆರಾಗಳ ಎಂಜಿನಿಯರ್ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಕಪ್ಪು ಬಟ್ಟೆಯ ಗವಸೊಂದನ್ನು ಇಟ್ಟ. ಆಸ್ಪತ್ರೆಯ ಹಿಂಬಾಗಿಲಲ್ಲಿ ಯಾವ ಗಾಡಿಯೂ ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ನಿಂತರೆ ಕಂಬದ ಕ್ಯಾಮೆರಾ ತಾನೇ ಚಿತ್ರ ತೆಗೆದು ನೋಟಿಸು ಕಳಿಸುತ್ತದೆ. ಆ ಕ್ಯಾಮೆರಾಕ್ಕೆ ಒಂದು ತಿಂಗಳಿಂದ ಯಾರೋ ಇದನ್ನು ತೊಡಿಸಿ ತೆಗೆಯುತ್ತಿದ್ದಾರೆ, ಇವತ್ತು ದಾರ ಸಿಕ್ಕಿಕೊಂಡು ಅಲ್ಲೇ ಉಳಿಯಿತು ಎಂಬುದು ದೂರು.

"ಕೂಸು ಸಿಕ್ಕಿಲ್ಲ, ಕುಲಾವಿ ಸಿಕ್ಕಿದೆ ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್.

ಇನ್ಸ್‌ಪೆಕ್ಟರಿಗೆ ನಗುವಷ್ಟು ತ್ರಾಣವಿರಲಿಲ್ಲ. ಎರಡು ಕೊಲೆಯ ಕಡತಗಳು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಅವುಗಳ ಬಗ್ಗೆ ಯಾರೂ ಕೇಳಿರಲಿಲ್ಲ. ಕಂಬದ ಕಣ್ಣು ಮುಚ್ಚಿದವನ ಬಗ್ಗೆ ಮೇಲಿನಿಂದ ಆಗಲೇ ಎರಡು ಫೋನ್ ಬಂದಿತ್ತು. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ಎಫ್‌ಐಆರ್ ಆಯಿತು. ಕಂಬದ ಬುಡದಲ್ಲಿ ಪಂಚನಾಮೆ ಆಯಿತು: ಎತ್ತರ ಹನ್ನೆರಡು ಅಡಿ, ಏಣಿಯ ಗುರುತಿಲ್ಲ, ಉದ್ದ ಕೋಲು ಬಳಸಿರಬಹುದು.

ಸಂಜೆ ಠಾಣೆಯ ಸಮವಸ್ತ್ರ ಹೊಲಿಯುವ ಮುದುಕನಿಗೆ ಗವಸು ತೋರಿಸಿದರು. ಅವನು ಒಳಹೊರಗು ಮಾಡಿ, ದಾರ ತೂರುವ ಕಿಂಡಿಯನ್ನು ಬೆರಳಲ್ಲಿ ಸವರಿದ.

"ಕೈಯಲ್ಲಿ ಮಾಡಿದ ಕಾಜ ಸಾರ್. ಒಳಗಿನ ಅಂಚನ್ನೂ ಮಡಚಿ ಹೊಲಿದಿದ್ದಾನೆ, ಯಾರು ನೋಡ್ತಾರೆ ಅದನ್ನ? ಕೆಟ್ಟದಾಗಿ ಹೊಲಿಯೋಕೆ ಬರಲ್ಲ ಪಾಪ, ಅದಕ್ಕೇ ಸಿಕ್ಕಿಬೀಳ್ತಾನೆ."

ಗುರುವಾರ ಕ್ಯಾಮೆರಾದ ದಾಖಲೆ ನೋಡಿದರು. ಪರದೆ ಕಪ್ಪಾಗುತ್ತಿದ್ದುದು ಸೋಮವಾರ, ಬುಧವಾರ, ಶುಕ್ರವಾರ. ಒಂಬತ್ತೂ ಹತ್ತರ ಆಸುಪಾಸು, ಹತ್ತೇ ನಿಮಿಷ. ವೇಳಾಪಟ್ಟಿ ಇಟ್ಟುಕೊಂಡ ಕಳ್ಳ. ಹಾಗೆ ದಿನ ಬಿಟ್ಟು ದಿನ ಆಸ್ಪತ್ರೆಗೆ ಬರುವವರು ಡಯಾಲಿಸಿಸ್‌ನವರು. ನರ್ಸ್ ರಿಜಿಸ್ಟರ್ ತೆಗೆದಳು. ಬೆಳಗಿನ ಸರದಿಯ ಆರು ಜನರಲ್ಲಿ ಒಬ್ಬಾಕೆಯ ಗಂಡ ಟೈಲರ್.

ಶುಕ್ರವಾರ ಎಂಟೂವರೆಗೆ ಅವನ ಮನೆ. ಮುಂದಿನ ಕೋಣೆಯೇ ಅಂಗಡಿ.

"ಇದು ನಿಂದಾ?"

ಟೈಲರ್ ಗವಸು ಈಸಿಕೊಂಡು ಮೊದಲು ನೋಡಿದ್ದು ಕಾಜ ಹರಿದಿದೆಯೇ ಎಂದು. "ನಂದೇ ಸಾರ್."

"ಯಾಕೆ?"

"ಅವಳು ಕಾರಿಂದ ಇಳಿಯೋಕೆ ಏಳು ನಿಮಿಷ ಬೇಕು. ಆ ಕ್ಯಾಮೆರಾಕ್ಕೆ ಮೂರೇ ಗೊತ್ತು."

ಪಾರ್ಕಿಂಗ್ ಜಾಗ ರಸ್ತೆಯಾಚೆ; ಅಲ್ಲಿಂದ ಆಕೆ ನಡೆಯಲಾರಳು. ಎರಡು ನೋಟಿಸು ಬಂದಿತ್ತು. ಮೂರನೆಯದು ಬಂದರೆ ಲೈಸೆನ್ಸ್ ಅಮಾನತು, ಹೆಂಡತಿಯನ್ನು ಕರೆದೊಯ್ಯಲು ಬೇರೆ ಯಾರೂ ಇಲ್ಲ. ನಾಲ್ಕು ಮನವಿ ಬರೆದಿದ್ದ. ನಾಲ್ಕಕ್ಕೂ ಒಂದೇ ಉತ್ತರ: ಚಿತ್ರ ಪರಿಶೀಲಿಸಲಾಗಿದೆ, ತಪ್ಪು ಸಾಬೀತಾಗಿದೆ. ಕೆಳಗೆ ಸಹಿ ಇರಲಿಲ್ಲ. ಸಹಿ ಹಾಕಲು ಆ ಕಡೆ ಮನುಷ್ಯರೇ ಇರಲಿಲ್ಲ.

"ಬರ್ತೀನಿ ಸಾರ್," ಎಂದ ಟೈಲರ್. "ಆದ್ರೆ ಇವತ್ತು ಶುಕ್ರವಾರ."

ಒಳಗೆ ಆಕೆ ಚಪ್ಪಲಿ ಹಾಕಿಕೊಂಡು ಕಾಯುತ್ತಿದ್ದಳು.

ಇಬ್ಬರನ್ನೂ ಜೀಪಿಗೆ ಹತ್ತಿಸಿದರು. ಹಿಂಬಾಗಿಲಲ್ಲಿ ಜೀಪು ನಿಂತಿತು. ಒಂದು ಕಾಲು ಕೆಳಗೆ, ಉಸಿರು, ಬಾಗಿಲ ಮೇಲೆ ಕೈ, ಮತ್ತೆ ಉಸಿರು. ಹೆಡ್ ಕಾನ್‌ಸ್ಟೇಬಲ್ ಗಡಿಯಾರ ನೋಡಿಕೊಂಡ.

"ಅದನ್ನ ನೋಡ್ಬೇಡಪ್ಪಾ," ಎಂದಳು ಆಕೆ. "ಅವಸರ ಅಂದ್ರೆ ನನ್ನ ಕಾಲು ಮುಷ್ಕರ ಹೂಡುತ್ತೆ."

"ನೋಡು, ಬರಕೋ," ಎಂದರು ಇನ್ಸ್‌ಪೆಕ್ಟರ್.

ಪಂಚನಾಮೆಗೆ ಒಂದು ಹಾಳೆ ಸೇರಿತು: ಜೀಪು ನಿಂತದ್ದು ಒಂಬತ್ತೂ ಹನ್ನೆರಡಕ್ಕೆ. ಆಕೆಯ ಎರಡೂ ಕಾಲು ನೆಲಕ್ಕೆ ತಾಗಿದ್ದು ಒಂಬತ್ತೂ ಹತ್ತೊಂಬತ್ತಕ್ಕೆ.

ಆಕೆ ಒಳಗೆ ಹೋದ ಮೇಲೆ ಟೈಲರ್‌ನ ಬಂಧನವಾಯಿತು.

ಸೋಮವಾರ ಠಾಣೆಗೆ ನೋಟಿಸು ಬಂತು, ಜೀಪಿನ ಚಿತ್ರದ ಸಮೇತ. ಕರ್ತವ್ಯದ ಮೇಲಿದ್ದರೆ ಗುರುತು ಹಾಕಿ, ವಿನಾಯಿತಿ ಸಿಗುತ್ತದೆ ಎಂದು ಕೆಳಗೊಂದು ಖಾನೆ. ಇನ್ಸ್‌ಪೆಕ್ಟರ್ ಗುರುತು ಹಾಕಲಿಲ್ಲ. ನೋಟಿಸನ್ನು ಆ ಹಾಳೆಯ ಜೊತೆಗೇ ಕಡತಕ್ಕೆ ಪಿನ್ನು ಹೊಡೆದರು.

ಬುಧವಾರ ಎರಡನೆಯ ನೋಟಿಸು ಬಂತು, ಸೋಮವಾರ ಜೀಪಿನಲ್ಲೇ ಆಕೆಯನ್ನು ಇಳಿಸಿ ಬಂದದ್ದಕ್ಕೆ. ಟೈಲರ್‌ಗೆ ಜಾಮೀನು ಇನ್ನೂ ಸಿಕ್ಕಿರಲಿಲ್ಲ. ಜೀಪು ಓಡಿಸುವ ಹೆಡ್ ಕಾನ್‌ಸ್ಟೇಬಲ್ ಜೇಬಿನಿಂದ ಲೈಸೆನ್ಸ್ ತೆಗೆದು ನೋಡಿ, ಮತ್ತೆ ಒಳಗಿಟ್ಟುಕೊಂಡ.

"ಮೂರನೆಯದಕ್ಕೂ ಜಾಗ ಇದೆ ಸಾರ್," ಎಂದು ಕೀ ಎತ್ತಿಕೊಂಡ.